ಬೇಯಿಸಿದವಳೇ ಉಂಡಳೆಂದು ನಂಬಿದ ಕಚೇರಿಗೆ

ಕ್ಯಾನ್ಸರ್ ತಡೆ ವಿಭಾಗದ ಮುಖ್ಯಾಧಿಕಾರಿಗಳೇ,

ನಮ್ಮ ಬೀದಿಗೆ ಬರಬೇಕಿದ್ದ ತಪಾಸಣೆ ಬಸ್ಸನ್ನು ತಾವು ರದ್ದು ಮಾಡಿದ್ದೀರಿ. ಇಲ್ಲಿನ ಹೆಂಗಸರ ಆಹಾರ 'ಉತ್ತಮ', ಆದ್ದರಿಂದ ಅಪಾಯ 'ಕಡಿಮೆ' ಎನ್ನುತ್ತದೆ ತಮ್ಮ ಆದೇಶ. ಅಭಿನಂದನೆಗಳು! ಒಂದೇ ಕೋಣೆಯಲ್ಲಿ ಆರಾರು ಜನಕ್ಕೆ ಬೇಯಿಸಿ ಹಾಕುವ ನಮ್ಮ ಹೆಂಗಸರು ಅವರಿಗೇ ಗೊತ್ತಿಲ್ಲದೆ ಆರೋಗ್ಯವಂತರಾಗಿಬಿಟ್ಟಿದ್ದಾರೆ. ಈ ಪವಾಡಕ್ಕೆ ಆಧಾರವಾದ ಇನ್ನೂರು ನಮೂನೆಗಳನ್ನು ತುಂಬಿದವಳು ನಾನೇ, ತಮ್ಮ ಕಚೇರಿಯ ತಾತ್ಕಾಲಿಕ ಸಮೀಕ್ಷಕಿ. ಅವು ಸುಳ್ಳು.

ಪ್ರಶ್ನೆ ಸರಳವಾಗಿತ್ತು: 'ನಿನ್ನೆ ಏನು ತಿಂದಿರಿ?' ಉತ್ತರವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು. ಸೊಪ್ಪು, ಬೇಳೆ, ಮೊಟ್ಟೆ, ಹಣ್ಣು. ಹೆಂಗಸರು ಹೇಳಿದ್ದೆಲ್ಲ ಅವರು ಬೇಯಿಸಿದ್ದನ್ನು, ಹೆಚ್ಚಿದ್ದನ್ನು, ಬಡಿಸಿದ್ದನ್ನು. ಎಲ್ಲರ ಊಟ ಮುಗಿದ ಮೇಲೆ ಅವರ ತಟ್ಟೆಗೆ ಬಿದ್ದದ್ದೇನೆಂದು ನೆನಪಿಟ್ಟುಕೊಳ್ಳುವ ಅಭ್ಯಾಸವೇ ಅವರಿಗಿಲ್ಲ. ಇದ್ದರೂ, ಗಂಡ, ಅತ್ತೆ, ಮಕ್ಕಳು ಸುತ್ತ ಕೂತು ಕೇಳುತ್ತಿರುವಾಗ 'ನನಗೇನೂ ಉಳಿಯಲಿಲ್ಲ' ಎಂದು ಯಾವ ಹೆಂಗಸು ಬಾಯಿಬಿಡುತ್ತಾಳೆ? ತಮ್ಮ ಮನೆಯಲ್ಲಿ ಬಿಡುತ್ತಾರೆಯೇ? ಕೈ ಕೆಸರಾದರೆ ಬಾಯಿ ಮೊಸರು ಎಂದು ತರಬೇತಿಯ ದಿನ ತಾವು ಭಾಷಣ ಮಾಡಿದಿರಿ. ನಮ್ಮ ಬೀದಿಯಲ್ಲಿ ಕೈ ಒಬ್ಬಳದು, ಬಾಯಿ ಬೇರೆಯವರದು.

ನಮ್ಮ ಮನೆಯದನ್ನೇ ಹೇಳುತ್ತೇನೆ. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಲಾಂಡ್ರಿಯೊಂದರಲ್ಲಿ ದಿನವಿಡೀ ನಿಂತು ಹೋಟೆಲುಗಳ ಬೆಡ್‌ಶೀಟು ಇಸ್ತ್ರಿ ಮಾಡುತ್ತಾಳೆ. ಅವಳ ನಮೂನೆ ತುಂಬುವಾಗ ಅಮ್ಮ ಅಲ್ಲೇ ಕೂತಿದ್ದಳು. 'ಹಣ್ಣು?' ಎಂದೆ. 'ಹ್ಞೂಂ, ಕಿತ್ತಳೆ ತಿಂದೆ, ಬರ್ಕೋ' ಎಂದಳು. ಹಿಂದಿನ ದಿನ ಅದೇ ಕಿತ್ತಳೆಯನ್ನು ಸುಲಿದು, 'ಬಿಸಿಲಲ್ಲಿ ಮನೆಮನೆ ಸುತ್ತಿ ಬಂದಿದೀಯ, ತಿನ್ನು' ಎಂದು ನನ್ನ ಕೈಗೆ ಕೊಟ್ಟಿದ್ದಳು. ತಿಂದವಳು ನಾನು, ಅವಳು ತಿಂದಳೆಂದು ಗುರುತು ಹಾಕಿದವಳೂ ನಾನು. ಅಮ್ಮನ ಎದುರು ಅವಳ ಮಾನ ಉಳಿಸಿದೆ ಅಂದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವಾರವೇ ಸ್ನಾನ ಮಾಡುವಾಗ ಅತ್ತಿಗೆಯ ಕೈಗೆ ಎದೆಯಲ್ಲೊಂದು ಗಂಟು ಸಿಕ್ಕಿತು. ದೊಡ್ಡಾಸ್ಪತ್ರೆಗೆ ಹೋಗೋಣ ಎಂದೆ. 'ಎರಡು ದಿನ ರಜಾ ಹಾಕಿದ್ರೆ ನನ್ನ ಟೇಬಲ್ಲಿಗೆ ಬೇರೆಯವಳು ಬರ್ತಾಳೆ ಕಣೇ. ಬಸ್ಸು ಬಾಗಿಲಿಗೇ ಬರುತ್ತಲ್ಲ, ಆಗ ತೋರಿಸ್ತೀನಿ' ಎಂದಳು. ಬಸ್ಸಿನ ಬದಲು ತಮ್ಮ ಆದೇಶ ಬಂತು. ನಮೂನೆ ತಿದ್ದಿಸಲು ಮೇಲ್ವಿಚಾರಕರ ಬಳಿ ಓಡಿದೆ. 'ಸುಳ್ಳು ಬರೆದೆ ಅಂತ ಒಪ್ಕೊಂಡ್ರೆ ನಿನ್ನ ಕೆಲಸ ಹೋಗುತ್ತೆ. ಬಸ್ಸಂತೂ ಬರಲ್ಲ. ತೆಪ್ಪಗಿರು' ಎಂದರು. ಅತ್ತ ದರಿ, ಇತ್ತ ಪುಲಿ. ನನ್ನ ಸಂಬಳ ನಿಂತರೆ ಬಾಡಿಗೆ ಕಟ್ಟಲಾಗದೆ ನಾವಿರುವ ಒಂದು ಕೋಣೆಯೂ ಇಲ್ಲ. ಮೂರು ವಾರ ತೆಪ್ಪಗಿದ್ದೆ.

ಆದೇಶದ ಪ್ರತಿಯನ್ನು ಬೀದಿ ನಲ್ಲಿಯ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಮೊನ್ನೆ ಅತ್ತಿಗೆ ಅದನ್ನು ಯಾರಿಂದಲೋ ಓದಿಸಿಕೊಂಡು, ಕೊಡ ಇಳಿಸುತ್ತಲೇ ನಕ್ಕಳು. 'ನಮ್ಮ ಬೀದಿಲಿ ಯಾರಿಗೂ ಅಂಥಾದ್ದು ಬರಲ್ವಂತೆ. ಆಫೀಸಿನವರೇ ಸೀಲು ಹಾಕಿ ಬರೆದಿದ್ದಾರೆ. ಸುಮ್ನೆ ಹೆದರಿಸಿಬಿಟ್ಯಲ್ಲೇ!' ಅವಳ ಮುಖದಲ್ಲಿ ಅಷ್ಟು ನೆಮ್ಮದಿ ನೋಡಿ ಎಷ್ಟೋ ದಿನವಾಗಿತ್ತು. ಆ ಕಾಗದ ಸುಳ್ಳು ಎಂದರೆ ಗದರುತ್ತಾಳೆ. ಓದು ಬಲ್ಲ ನಾದಿನಿಗಿಂತ ಸೀಲು ದೊಡ್ಡದು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ನಾನು ತುಂಬಿದ ನಮೂನೆಗಳನ್ನೆಲ್ಲ ಹರಿದು ಹಾಕಿ. ಹೆಂಗಸರನ್ನು ಒಬ್ಬೊಬ್ಬರನ್ನೇ ಕೂರಿಸಿ, ನಿಮ್ಮ ತಟ್ಟೆಯಲ್ಲಿ ಏನಿತ್ತು ಎಂದು ಮತ್ತೆ ಕೇಳಿಸಿ. ಅದಕ್ಕೆ ಎಷ್ಟು ತಿಂಗಳು ಬೇಕಾದರೂ ಹಿಡಿಯಲಿ. ಬಸ್ಸನ್ನು ಮಾತ್ರ ಈ ವಾರವೇ ಕಳಿಸಿ. ಅದಕ್ಕೂ ಮೊದಲು, ತಮ್ಮಿಂದ ತಪ್ಪಾಗಿದೆ ಎಂದು ಸೀಲು ಹಾಕಿದ ಇನ್ನೊಂದು ಕಾಗದವನ್ನು ಅದೇ ಗೋಡೆಗೆ ಅಂಟಿಸಿ. ಇಲ್ಲದಿದ್ದರೆ ಬಸ್ಸು ಬಂದರೂ ಅತ್ತಿಗೆ ಹತ್ತುವುದಿಲ್ಲ. ಅವಳು ತಮ್ಮನ್ನು ನಂಬಿದ್ದಾಳೆ.

ಇಂತಿ,
ಈ ಪತ್ರ ತಮ್ಮ ಕೈ ಸೇರುವವರೆಗೆ ಮಾತ್ರ ತಮ್ಮ ಕೆಲಸದಲ್ಲಿರುವ
ಸಮೀಕ್ಷಕಿ