ನಲವತ್ತನೆಯ ತಾಟು

ಧಾರಾವಿ, ಮುಂಬೈ
೧೨ ಜೂನ್ ೨೦೨೫

ನನ್ನ ಮುದ್ದಿನ ದಾನೇಶ್ವರಿಗೆ,

ನಿನ್ನ ಬೆನ್ನುನೋವು ಹೇಗಿದೆ? ಕೂಸಿಗೆ ಶಹಾಪುರದ ನೀರು ಒಗ್ಗಿತೇ? ನಿನ್ನ ಅತ್ತೆಗೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು. ನಾನು ಗಟ್ಟಿಯಾಗಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ನಡುವೆಯೇ ಜಗಳ ತೆಗೆಯುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಕೂಸನ್ನು ಬಿಡಲು ಜಾಗವಿಲ್ಲವೆಂದು ಬ್ಯಾಗು ಹೊಲಿಯುವ ಕೆಲಸ ಬಿಟ್ಟು ಅತ್ತೆಯ ಮನೆಗೆ ಹೋದೆಯಲ್ಲ, ಆ ಜಾಗ ಈಗ ಬರುತ್ತಿದೆ. ನಮ್ಮ ಗಲ್ಲಿಗೇ ಅಂಗನವಾಡಿ! ಹೋದ ವರ್ಷ ಕಾಲೇಜಿನಿಂದ ಶೀತಲ್ ಎಂಬ ಹುಡುಗಿ ಸರ್ವೆಗೆ ಬಂದಿದ್ದು ನೆನಪಿದೆಯೇ? ಮನೆಮನೆಗೂ ಹೋಗಿ ಸಣ್ಣ ಮಕ್ಕಳೆಷ್ಟು ಎಂದು ಕೇಳಿದ್ದಳು. ನಲವತ್ತು ಮಕ್ಕಳಾದರೂ ಇದ್ದರೆ ಅಂಗನವಾಡಿ ಕೊಡುತ್ತೇವೆಂದು ವಾರ್ಡಿನವರು ಹೇಳಿದ್ದರಂತೆ. ಅವಳ ಲೆಕ್ಕಕ್ಕೆ ಸಿಕ್ಕದ್ದು ಹತ್ತೊಂಬತ್ತು. ವಾರ್ಡಿನವರು ಆಗುವುದಿಲ್ಲ ಎಂದುಬಿಟ್ಟರು.

ಈ ವರ್ಷ ಪಾಪ ಮತ್ತೆ ಬಂದಳು. ಗಲ್ಲಿ ತುಂಬ ಓಡಾಡುವ ಮಕ್ಕಳನ್ನು ನೋಡಿ ಕಣ್ಣು ಕಣ್ಣು ಬಿಟ್ಟಳು. “ಅಜ್ಜೀ, ಸಚ್ ಹೇಳಿ, ನನ್ನ ಲಿಸ್ಟ್‌ನಲ್ಲಿ ಇಷ್ಟು ಬಚ್ಚೆ ಯಾಕೆ ಇಲ್ಲ?” ಎಂದಳು. ನನಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಮಕ್ಕಳನ್ನು ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆಂದು ನಾವೆಲ್ಲ ಕಮ್ಮಿ ಹೇಳಿದ್ದೆವು. ಮೂರು ಹೆತ್ತ ಗದಿಗೆಪ್ಪನ ಹೆಂಡತಿ ಒಂದೇ ಎಂದಿದ್ದಳು. ನಾನಂತೂ ನಮ್ಮ ಮನೆಯಲ್ಲಿ ಮಕ್ಕಳೇ ಇಲ್ಲ ಎಂದಿದ್ದೆ. ಅಷ್ಟು ಓದಿದ ಹುಡುಗಿಗೆ ಇದು ಯಾವ ಪುಸ್ತಕದಲ್ಲಿ ಸಿಗಬೇಕು?

“ಕೂಸುಗೋಳ್ನ ಎಣಿಸಬ್ಯಾಡವ್ವಾ, ಅವರ ತಾಟ್ ಎಣಿಸು” ಎಂದೆ. ಮರುದಿನ ಒಂದೊಂದು ಮಗುವಿಗೆ ಒಂದೊಂದರಂತೆ ಊಟದ ತಾಟುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಸರಿಯಾಗಿ ನಲವತ್ತು! ಹೀಗೆ ಕೇಳಿದರೆ ಮಾತ್ರ ನಿಜ ಸಿಗುತ್ತದೆಂದು ಅವಳು ವರದಿ ಬರೆದಳು. ವಾರ್ಡಿನವರು ಒಪ್ಪಿದ್ದಷ್ಟೇ ಅಲ್ಲ, ಪಕ್ಕದ ಗಲ್ಲಿಗಳಲ್ಲೂ ಈಗ ತಾಟನ್ನೇ ಎಣಿಸುತ್ತಿದ್ದಾರೆ. ವರದಿಯಲ್ಲಿ ನಿನ್ನವ್ವನ ಹೆಸರಿದೆ, ತಿಳಿಯಿತೇ? ಸಾಹೇಬರೊಬ್ಬರು ನಮ್ಮ ಬಾಗಿಲಿಗೇ ಬಂದು ಚಹಾ ಕುಡಿದು ಹೋದರು.

ಅಳಿಯ ಶರಣು ಚೆನ್ನಾಗಿದ್ದಾನೆ, ಆದರೆ ಅವನು ಸುಡುವ ರೊಟ್ಟಿಯನ್ನು ನೋಡಲಾಗುವುದಿಲ್ಲ. ನಿನಗೂ ಕೂಸಿಗೂ ಶರಣಬಸಪ್ಪ ಆಯಸ್ಸು ಆರೋಗ್ಯ ಕೊಡಲಿ. ಬೀಗಿತ್ತಿಗೆ ನನ್ನ ಶರಣಾರ್ಥಿ.

ನಿನ್ನವ್ವ,
ಮಲ್ಲಕ್ಕ

ತಾ.ಕ.: ಶೀತಲ್‌ಗೆ ಇನ್ನೂ ಹೇಳಿಲ್ಲ. ಅವತ್ತು ಗಲ್ಲಿಯಲ್ಲಿದ್ದದ್ದು ಮೂವತ್ತೊಂಬತ್ತೇ ತಾಟು. ನಲವತ್ತನೆಯದು ನಿನ್ನ ಕೂಸಿನ ತಾಟು, ನೀನು ಇಲ್ಲೇ ಬಿಟ್ಟುಹೋದದ್ದನ್ನು ನಾನೇ ತಂದಿಟ್ಟೆ. ಹೋದ ವರ್ಷ ಮನೆಯಲ್ಲೇ ಇದ್ದ ಕೂಸನ್ನು ಇಲ್ಲ ಎಂದೆ, ಈ ವರ್ಷ ಇಲ್ಲದ್ದನ್ನು ಇದೆ ಎಂದೆ. ಬರುವ ತಿಂಗಳ ಒಂದನೇ ತಾರೀಖಿಗೆ ವಾರ್ಡಿನವರು ನಲವತ್ತೂ ಮಕ್ಕಳ ಹಾಜರಿ ಕರೆಯುತ್ತಾರೆ. ಅಷ್ಟರೊಳಗೆ ಕೂಸನ್ನು ಕರೆದುಕೊಂಡು ಬಂದುಬಿಡು.