ಮುಟ್ಟದೆ ಬಿಟ್ಟ ಹನ್ನೊಂದು ಸಾಲು

ಜೂನ್ 2, ಸೋಮವಾರ. ಬೆಳಿಗ್ಗೆ 9
ಒಂದೊಂದು ಗುಂಡಿಗೂ ಮುನ್ನೂರು ಸ್ಟೆಮ್ ಸೆಲ್, ಇಲಿಯವು. ಪ್ಲೇಟಿಗೆ ಹನ್ನೆರಡು ಸಾಲು, ಸಾಲಿಗೆ ಎಂಟು ಗುಂಡಿ. ಹಾಕಿ ಇನ್‌ಕ್ಯುಬೇಟರ್ ಮುಚ್ಚಿದೆ. ಇನ್ನು ಅವುಗಳ ಪಾಡು. ಒಂದಕ್ಕೊಂದು ಅಂಟಿ, ಎಳೆದುಕೊಂಡು, ನೀರಹನಿಯ ಹಾಗೆ ಗುಂಡಗಾಗುತ್ತವೆ. ಐದನೇ ದಿನ ಉಂಡೆ ಉದ್ದವಾಗಬೇಕು. ಇತ್ತ ತಲೆ, ಅತ್ತ ಬಾಲ, ಭ್ರೂಣದ ಹಾಗೆ. ಯಾರೂ ಹೇಳಿಕೊಡುವುದಿಲ್ಲ.
ನನ್ನ ಕೈಯಲ್ಲಿ ನಾಲ್ಕು ಸಲ ಆಗಿಲ್ಲ. ಈ ಸಲವೂ ಆಗದಿದ್ದರೆ ಈ ಕೆಲಸವನ್ನೇ ನಿಲ್ಲಿಸುತ್ತಾರಂತೆ ಗೈಡ್ ಮುರಳಿ ಸರ್. ನನ್ನ ಮೂರು ವರ್ಷ...

ಜೂನ್ 4. ಸಂಜೆ, ಕುಂದಾಣ
ಬೆಳಿಗ್ಗೆ ಔಷಧಿ ಹಾಕಿದೆ, ಉಂಡೆ ಉದ್ದವಾಗಲು ಚಾಲನೆ ಕೊಡುವಂಥದ್ದು. ನಾಳೆ ಅದೇ ಹೊತ್ತಿಗೆ ಅದನ್ನು ತೆಗೆದು, ಉಂಡೆಗಳಿಗೆ ಆಹಾರವಾಗುವ ಹೊಸ ದ್ರವ ತುಂಬಬೇಕು. ಆರು ಸಲ ಇನ್‌ಕ್ಯುಬೇಟರ್ ಬಾಗಿಲು ತೆಗೆದು ನೋಡಿದೆ. ತಡೆಯಲಾಗಲಿಲ್ಲ.
ಮನೆಗೆ ಬಂದರೆ ಅಮ್ಮ ರೇಷ್ಮೆಹುಳದ ಮನೆ ಬಾಗಿಲಲ್ಲೇ ನಿಲ್ಲಿಸಿದಳು. "ಜ್ವರಕ್ಕೆ ಕೂತವೆ ಕಣೆ, ಪೊರೆ ಬಿಡೋ ಹೊತ್ತು. ಒಳಕ್ಕೆ ಬರ್ಬೇಡ." ನನ್ನ ಆರು ಸಲದ ಕಥೆ ಹೇಳಿದೆ. "ಅದಕ್ಕೇ ನಿನ್ನವು ಕೆಡ್ತಿರೋದು. ಜ್ವರದಾಗಿರೋವನ್ನ ಮುಟ್ತಾರೇನೆ?"
ನಗು ಬಂತು. ಆಮೇಲೆ ಯೋಚನೆ.

ಜೂನ್ 5. ಮಧ್ಯಾಹ್ನ
ಮೊದಲ ಸಾಲಿಗೆ ದ್ರವ ಬದಲಿಸಿದೆ. ಉಂಡೆಗಳು ಅಲ್ಲಾಡಿದವು. ಅಮ್ಮನ ಮಾತು ನೆನಪಾಗಿ ಕೈ ನಿಂತುಹೋಯಿತು. ಉಳಿದ ಹನ್ನೊಂದು ಸಾಲು ಮುಟ್ಟದೆ ಮುಚ್ಚಿಟ್ಟೆ.
ಲ್ಯಾಬ್ ನೋಟ್‌ಬುಕ್ಕಿನಲ್ಲಿ ಮಾತ್ರ "ಎಲ್ಲಕ್ಕೂ ಬದಲಿಸಿದೆ" ಎಂದು ಬರೆದೆ. ಯಾಕೆ ಬರೆದೆನೋ.

ಜೂನ್ 7, ಶನಿವಾರ
ಹನ್ನೊಂದು ಸಾಲಿನ ಉಂಡೆಗಳು ಗುಂಡಗೇ ಇವೆ. ಮೊದಲ ಸಾಲು— ಎಂಟಕ್ಕೆ ಎಂಟೂ ಉದ್ದವಾಗಿವೆ! ಮೈಕ್ರೋಸ್ಕೋಪಿನ ಮುಂದೆಯೇ ಅತ್ತುಬಿಟ್ಟೆ. ಮೂರು ವರ್ಷ ಇದನ್ನು ನೋಡಲು ಕಾದಿದ್ದೆ.
ಸರ್ ಫೋಟೊ ನೋಡಿದರು. "ತೊಂಬತ್ತಾರರಲ್ಲಿ ಎಂಟು ಅಂದ್ರೆ ಅದೃಷ್ಟ ಅಷ್ಟೇ ಕಣಮ್ಮ. ಸೋಮವಾರ ಕ್ಲೋಸ್ ಮಾಡ್ಬಿಡೋಣ."
5ನೇ ತಾರೀಖಿನ ಪುಟ ಕಾಣದ ಹಾಗೆ ನೋಟ್‌ಬುಕ್ ಮುಚ್ಚಿದೆ.

ಜೂನ್ 8
ಅಮ್ಮನಿಗೆ ಎಲ್ಲ ಹೇಳಿದೆ. ಹುಳಕ್ಕೆ ಸೊಪ್ಪು ಹಾಕುತ್ತಿದ್ದವಳು ತಿರುಗಿದಳು.
"ಜ್ವರದಾಗೆ ಮುಟ್ಬೇಡ ಅಂದೆ. ಜ್ವರ ಬಿಟ್ಟು ಎದ್ಮೇಲೂ ಹಸ್ಕೊಂಡಿರ್ಲಿ ಅಂದ್ನಾ?" ಇನ್ನೊಂದು ಹಿಡಿ ಸೊಪ್ಪು ಹರಡಿ, "ನಿಮ್ ಸಾರ್‌ಗೆ ಹೇಳ್ದ್ಯಾ?"
ಇಲ್ಲ ಅಂದೆ. ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಜೂನ್ 9. ಬೆಳಿಗ್ಗೆ 9.40
ಹೇಳಿದರೆ ಕೆಲಸ ಉಳಿಯುತ್ತದೆ. ದ್ರವ ಬದಲಿಸಿದ ಎಂಟಕ್ಕೆ ಎಂಟೂ ಉದ್ದವಾದವಲ್ಲ, ವಿಧಾನ ಸರಿಯಿದೆ, ತಪ್ಪಿದ್ದು ನನ್ನ ಕೈ. ನಾನು ಉಳಿಯುವುದು ಅನುಮಾನ. ಸುಳ್ಳು ಬರೆದವಳನ್ನು ಯಾವ ಲ್ಯಾಬು ಇಟ್ಟುಕೊಳ್ಳುತ್ತದೆ? ಭಯವಾಗುತ್ತಿದೆ.
ಸರ್ ಒಳಗಿನಿಂದ ಕೂಗಿದರು. "ಸಿಂಚನ, ಪ್ಲೇಟ್ ಎಸೆಯೋದಕ್ಕೆ ಬ್ಲೀಚ್‌ಗೆ ಹಾಕಿದ್ಯೇನಮ್ಮ?"
ಇಲ್ಲ ಸರ್, ಬಂದೆ ಅಂದೆ. 5ನೇ ತಾರೀಖಿನ ಪುಟ ತೆಗೆದು ಬರೆದದ್ದನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಬರೆದೆ: ಹನ್ನೊಂದು ಸಾಲು ಮುಟ್ಟಿಲ್ಲ. ನಾನೇ ಸುಳ್ಳು ಬರೆದಿದ್ದೆ.
ನೋಟ್‌ಬುಕ್ಕನ್ನೂ ಪ್ಲೇಟನ್ನೂ ಸರ್ ಹತ್ತಿರ ಒಯ್ಯುತ್ತಿದ್ದೇನೆ.