ಬಿರುಕು ಬಿಟ್ಟ ದವಡೆ ಹಲ್ಲು

ಕೂಟಗಲ್
12-2-2025, ಬುಧವಾರ

ಮಗಳೇ ಪ್ರತಿಮಾ,

ನಾವಿಲ್ಲಿ ಕ್ಷೇಮ. ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಪಕ್ಕದ ಮನೆ ಮುನಿಯಮ್ಮ ನಾಳೆ ನಿಮ್ಮೂರಿಗೆ ಬರುತ್ತಾಳಲ್ಲ, ಅವಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಹೋದ ವಾರ ಹುರಿದ ಹುಣಸೆ ಬೀಜ ಕಡಿಯುವಾಗ ದವಡೆ ಹಲ್ಲು ಚುಳಕ್ ಎಂದಿತು. ಆಮೇಲೆ ತಣ್ಣೀರು ಕುಡಿದರೂ ಜೀವ ಹೋಗುವಂತಾಗುತ್ತಿತ್ತು. ನಿನ್ನೆ ನಿಮ್ಮಪ್ಪ ರಾಮನಗರಕ್ಕೆ ಕರೆದುಕೊಂಡು ಹೋದರು. ಹಲ್ಲಿನ ಡಾಕ್ಟರು ಅಸ್ರಾ ಎಂಬ ಹುಡುಗಿ, ನಿನ್ನದೇ ವಯಸ್ಸು. "ಬಿರುಕು ಬಿಟ್ಟಿದೆ ಅಮ್ಮ, ಹೆದರಬೇಡಿ. ಇಂಥವರು ದಿನಾ ಬರ್ತಾರೆ. ಎಷ್ಟೋ ಜನಕ್ಕೆ ಬಿರುಕು ಬಿಟ್ಟಿರೋದೇ ಗೊತ್ತಿರಲ್ಲ" ಎಂದಳು. ಮೂಳೆ ಕಡೀತೀರಾ, ಹಲ್ಲಲ್ಲಿ ದಾರ ಕತ್ತರಿಸ್ತೀರಾ ಎಂದೆಲ್ಲ ಕೇಳಿದಳು. ರವಿಕೆ ಹೊಲಿಯುವವಳು ನಾನು, ಎಲ್ಲಕ್ಕೂ ಹೂಂ ಎಂದೆ.

"ನಿದ್ದೇಲಿ ಹಲ್ಲು ಕಡೀತೀರಾ?"

ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ, "ಅಯ್ಯೋ, ಹತ್ತು ತಿಂಗಳಿಂದ ಕಟಕಟ ಅನ್ನುಸ್ತಾವ್ಳೆ ಕಣವ್ವ! ನಾನು ಇಲಿ ಅಂದ್ಕೊಂಡು ಅಟ್ಟದಾಗೆ ಬೋನು ಮಡಗಿದ್ದೆ" ಎಂದರು. ಡಾಕ್ಟರು ಬಿದ್ದು ಬಿದ್ದು ನಕ್ಕಳು. ಆಮೇಲೆ ಮೆಲ್ಲಗೆ, "ಏನಾದ್ರೂ ಚಿಂತೆನಾ ಅಮ್ಮ?" ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಹಲ್ಲಿಗೆ ಕ್ಯಾಪ್ ಹಾಕುತ್ತಾಳಂತೆ. ಅಲ್ಲಿಯವರೆಗೆ ಮೆತ್ತಗಿನದ್ದೇ ತಿನ್ನಬೇಕು. ಮುದ್ದೆಯನ್ನು ಹೇಗೂ ಅಗಿಯುವುದಿಲ್ಲವಲ್ಲ, ನುಂಗುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು ಮಗಳೇ. ನಿನಗೆ ಒಳ್ಳೆಯದಾಗಲಿ.

ನಿನ್ನ ಅವ್ವ,
ರಾಧಾಮಣಿ

ತಾ.ಕ.: ಡಾಕ್ಟರಿಗೆ ಸುಳ್ಳು ಹೇಳಿದೆ. ಹೋದ ಯುಗಾದಿಗೆ ನೀನು ಬ್ಯಾಗು ಹಿಡಿದು ಬಂದು, "ಅವ್ರು ಹೊಡೀತಾರೆ ಕಣವ್ವ, ನಾನಿನ್ನು ಹೋಗಾಕಿಲ್ಲ" ಎಂದೆ. ನಿನ್ನ ತೋಳಿನ ಮೇಲಿನ ಬಾಸುಂಡೆ ನೋಡಿಯೂ ನಾನು, "ಹಲ್ಲು ಕಚ್ಕೊಂಡು ಬಾಳಾಟ ಮಾಡು, ಎಲ್ಲ ಸರೋಯ್ತದೆ" ಎಂದು ಸಂಜೆ ಬಸ್ಸಿಗೆ ಹತ್ತಿಸಿಬಿಟ್ಟೆ. ಹೊಲದಿಂದ ಬಂದ ನಿಮ್ಮಪ್ಪನಿಗೆ, ಹಬ್ಬದೂಟ ಮಾಡಿ ಹೋದಳು ಎಂದಷ್ಟೇ ಹೇಳಿದ್ದೆ. ಆವತ್ತಿನಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ. ನಿನ್ನೆ ವಾಪಸ್ ಬರುವಾಗ ಬಸ್ಸಿನಲ್ಲಿ ಅವರಿಗೆ ಎಲ್ಲವನ್ನೂ ಹೇಳಿದೆ. ಇಳಿದ ಮೇಲೆ, "ಭಾನುವಾರ ಇಬ್ರೂ ಹೋಗಿ ಕರ್ಕೊಂಡ್ ಬರಾನ" ಎಂದರು.

ಬೆಳಗಿನ ಮೊದಲ ಬಸ್ಸಿಗೆ ಬರುತ್ತೇವೆ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಬಟ್ಟೆ ಕಟ್ಟಿಕೊಂಡಿರು.